ರೇಸ್ ಕುದುರೆಯ ಆಯ್ಕೆಯಲ್ಲಿ ವಂಶ ಎಷ್ಟು, ಮೈಕಟ್ಟು ಎಷ್ಟು

ರೇಸಿಗೆಂದು ಮರಿ ಕೊಳ್ಳುವವರ ಕೈಯಲ್ಲಿ ಹರಾಜಿನ ಕ್ಯಾಟಲಾಗ್ ಇರುತ್ತದೆ, ಕಣ್ಣೆದುರಿಗೆ ಸೈಸ್ (ಕುದುರೆ ನೋಡಿಕೊಳ್ಳುವವನು) ನಡೆಸಿ ತೋರಿಸುವ ಮರಿ ಇರುತ್ತದೆ. ಮರಿಗಿನ್ನೂ ಒಂದೋ ಎರಡೋ ವರ್ಷ. ಅದು ಒಂದು ರೇಸನ್ನೂ ಓಡಿಲ್ಲ. ಪುಟದಲ್ಲಿರುವುದು ಅದರ ಹಿರಿಯರ ಸಾಧನೆ, ಕಾಲುಗಳಲ್ಲಿ ಕಾಣುವುದು ಅದರದೇ ಸ್ವತ್ತು. ಇವೆರಡರಲ್ಲಿ ಯಾವುದನ್ನು ನಂಬಬೇಕೆಂಬ ವಾದ ಲಾಯಗಳಲ್ಲಿ ಹಳೆಯದು. ಕೊಂಡು, ಸಾಕಿ, ಓಡಿಸಿ ನೋಡಿದವರಲ್ಲಿ ಹೆಚ್ಚಿನವರು ಬಂದು ನಿಲ್ಲುವ ತೀರ್ಮಾನ ಇದು: ಯಾವ ಮರಿಗಳನ್ನು ನೋಡಬೇಕೆಂದು ವಂಶ ಹೇಳುತ್ತದೆ, ಯಾವುದನ್ನು ಬಿಡಬೇಕೆಂದು ಮೈಕಟ್ಟು ಹೇಳುತ್ತದೆ.

ಇಂದಿನ ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸಿದ ತಳಿಯ, ಕುದುರೆಗಳ ಗಂಡುಸಾಲು ಇಂಗ್ಲೆಂಡಿಗೆ ತಂದ ಮೂರು ಗಂಡು ಕುದುರೆಗಳಿಗೆ ಹೋಗಿ ಮುಟ್ಟುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. 1791ರಲ್ಲಿ ಆರಂಭವಾದ ಜನರಲ್ ಸ್ಟಡ್ ಬುಕ್ ಈ ವಂಶಾವಳಿಯ ಲೆಕ್ಕ ಇಟ್ಟಿದೆ. ತಳಿ ಇಷ್ಟು ಬಿಗಿಯಾಗಿರುವುದರಿಂದ ನಾಲ್ಕೈದು ತಲೆಮಾರು ಹಿಂದಕ್ಕೆ ಹೋದರೆ ಯಾವ ಮರಿಯ ಪುಟದಲ್ಲೂ ಒಂದಲ್ಲ ಒಂದು ದೊಡ್ಡ ಹೆಸರು ಸಿಕ್ಕೇ ಸಿಗುತ್ತದೆ. ಅಂಥ ಹೆಸರಿಗೆ ಬೆಲೆ ಕೊಡುವುದು ದುಡ್ಡು ದಂಡ. ಓದಬೇಕಾದದ್ದು ತಾಯಿಯನ್ನು ಮತ್ತು ಅಜ್ಜಿಯನ್ನು. ಬೇಡಿಕೆಯಿರುವ ಗಂಡು ಕುದುರೆಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಮರಿ ಹುಟ್ಟಬಹುದು. ತಾಯಿ ಹನ್ನೊಂದು ತಿಂಗಳು ಹೊತ್ತು ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ ಹಾಕುತ್ತದೆ. ಆದ್ದರಿಂದಲೇ ರೇಸ್ ಲೋಕದಲ್ಲಿ ಒಂದೇ ತಾಯಿಯ ಮರಿಗಳನ್ನು ಮಾತ್ರ ಅರೆಸೋದರರೆಂದು ಕರೆಯುತ್ತಾರೆ. ತಂದೆ ಒಂದೇ ಆದರೆ ಅದು ಸಂಬಂಧವೇ ಅಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ಈ ವ್ಯಾಪಾರದವರು ಅಕ್ಷರಶಃ ಪಾಲಿಸುತ್ತಾರೆ.

ವಂಶ ನಂಬುವಂತೆ ಹೇಳಬಲ್ಲದ್ದು ದೂರವನ್ನು. 1200 ಮೀಟರಿನ ಓಟಗಾರನೋ 2400 ಮೀಟರಿನ ಡರ್ಬಿಗೆ ಉಸಿರುಳ್ಳವನೋ ಎಂಬುದು ಬಹುಮಟ್ಟಿಗೆ ರಕ್ತದಲ್ಲೇ ಬರುತ್ತದೆ. ಸ್ನಾಯು ಬೆಳವಣಿಗೆಯನ್ನು ಹಿಡಿತದಲ್ಲಿಡುವ ಮಯೋಸ್ಟಾಟಿನ್ ಎಂಬ ಜೀನ್‌ನ ರೂಪಭೇದಕ್ಕೂ ಕುದುರೆಗೆ ಒಗ್ಗುವ ದೂರಕ್ಕೂ ನಂಟಿದೆಯೆಂದು ಡಬ್ಲಿನ್‌ನ ಸಂಶೋಧಕರು 2010ರಲ್ಲಿ ತೋರಿಸಿದರು. ಆದರೆ ಒಂದೇ ತಂದೆತಾಯಿಯ ಎರಡು ಮರಿಗಳಲ್ಲಿ ಯಾವುದು ಗೆಲ್ಲುತ್ತದೆಂದು ಪುಟ ಹೇಳಲಾರದು.

ಪುಟವನ್ನಾಗಲಿ ಮೈಯನ್ನಾಗಲಿ ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಾರ್ದರ್ನ್ ಡ್ಯಾನ್ಸರ್‌ಗಿಂತ ಒಳ್ಳೆಯ ಉದಾಹರಣೆ ಬೇಡ. 1961ರ ಮೇ ಕೊನೆಯಲ್ಲಿ, ಅಂದರೆ ಮರಿ ಹಾಕುವ ಋತು ಮುಗಿಯುವಾಗ ಕೆನಡಾದಲ್ಲಿ ಹುಟ್ಟಿದ ಮರಿ ಅದು, ಗಿಡ್ಡ, ಗುಂಡಗೆ. 25,000 ಡಾಲರಿಗೆ ಇಟ್ಟಾಗ ಕೊಳ್ಳುವವರೇ ಬರಲಿಲ್ಲ. 1964ರಲ್ಲಿ ಅದು ಕೆಂಟಕಿ ಡರ್ಬಿ ಗೆದ್ದಿತು. ಮುಂದೆ ಶತಮಾನದ ಅತಿ ಪ್ರಭಾವಿ ತಂದೆ ಕುದುರೆಗಳಲ್ಲಿ ಒಂದಾಯಿತು. 1983ರಲ್ಲಿ ಕೀನ್‌ಲ್ಯಾಂಡ್ ಹರಾಜಿನಲ್ಲಿ ಅದರ ಮಗ ಸ್ನಾಫಿ ಡ್ಯಾನ್ಸರ್ 1 ಕೋಟಿ 2 ಲಕ್ಷ ಡಾಲರಿಗೆ ಹೋಯಿತು. ಅಭ್ಯಾಸದಲ್ಲೇ ಎಷ್ಟು ನಿಧಾನವೆಂದರೆ ಅದನ್ನು ಒಂದು ರೇಸಿಗೂ ಇಳಿಸಲಿಲ್ಲ. ಸಂತಾನಕ್ಕೆ ಬಿಟ್ಟರೆ ನಾಲ್ಕೇ ಮರಿ. ತಂದೆಯಲ್ಲಿ ಕೊಳ್ಳುವವರು ಮೈ ನೋಡಿ ಸೋತರು, ಮಗನಲ್ಲಿ ರಕ್ತ ನೋಡಿ ಸೋತರು.

ಮೈಕಟ್ಟಿನಲ್ಲಿ ಮೊದಲು ನೋಡಬೇಕಾದದ್ದು ಮುಂಗಾಲು. ನಿಂತ ಕುದುರೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲಿರುತ್ತದೆ. ನಾಗಾಲೋಟದಲ್ಲಿ ಒಂದೇ ಮುಂಗಾಲು ಇಡೀ ಮೈತೂಕದ ಎರಡೂವರೆ ಪಟ್ಟಿನಷ್ಟು ಹೊರೆ ತಡೆಯಬೇಕಾಗುತ್ತದೆ. 450 ಕಿಲೋ ಕುದುರೆಯೆಂದರೆ ಆ ಸಣ್ಣ ಗೊರಸಿನ ಮೇಲೆ ಟನ್ನಿಗೂ ಮಿಕ್ಕ ಭಾರ. ಪಕ್ಕದಿಂದ ನೋಡಿದಾಗ ಮಂಡಿ ಹಿಂದಕ್ಕೆ ಬಾಗಿದ್ದರೆ ಸುಸ್ತಾದ ಹೊತ್ತಿನಲ್ಲಿ ಅದು ಇನ್ನೂ ಹಿಂದಕ್ಕೆ ಹೋಗಿ ಮೂಳೆಯ ಚೂರು ಎದ್ದೇಳುವ ಅಪಾಯವಿದೆ. ತುಸು ಮುಂದಕ್ಕೆ ಬಾಗಿದ್ದರೆ ಅಂಥ ಹೆದರಿಕೆಯಿಲ್ಲ, ನೋಡುವುದಕ್ಕೆ ಚೆನ್ನಾಗಿಲ್ಲ ಅಷ್ಟೇ. ಗೊರಸಿನ ಮೇಲಿನ ಗಿಣ್ಣು ತೀರಾ ನೆಟ್ಟಗಿದ್ದರೆ ಹೊಡೆತ ನೇರ ಮೂಳೆಗೆ ಹತ್ತುತ್ತದೆ. ತೀರಾ ಉದ್ದವಾಗಿ ಇಳಿಬಿದ್ದಿದ್ದರೆ ಸ್ನಾಯುರಜ್ಜು ನೋಯುತ್ತದೆ. ಅಪಾಯದ ದೋಷ, ಅಂದಗೆಡಿಸುವ ದೋಷ ಎಂದು ಬೇರೆ ಮಾಡಬಲ್ಲ ಕಣ್ಣಿದ್ದರೆ ಕಡಿಮೆ ಹಣದಲ್ಲೂ ಒಳ್ಳೆಯ ಕುದುರೆ ಸಿಗುತ್ತದೆ. ಬಲ ಮುಂಗಾಲು ಹೊರಕ್ಕೆ ತಿರುಗಿದ್ದ ಸಿಯಾಟಲ್ ಸ್ಲೂ 1975ರಲ್ಲಿ 17,500 ಡಾಲರಿಗೆ ಸಿಕ್ಕಿತು. 1977ರಲ್ಲಿ ಒಂದೂ ಸೋಲಿಲ್ಲದೆ ಅಮೆರಿಕದ ಮೂರು ದೊಡ್ಡ ರೇಸುಗಳ ಟ್ರಿಪಲ್ ಕ್ರೌನ್ ಗೆದ್ದಿತು.

ನಿಂತ ಮರಿಗಿಂತ ನಡೆಯುವ ಮರಿ ಹೆಚ್ಚು ಹೇಳುತ್ತದೆ. ಮುಂಗಾಲಿನ ಗೊರಸು ಬಿದ್ದ ಗುರುತನ್ನು ಹಿಂಗಾಲು ದಾಟಿ ಬೀಳಬೇಕು, ತಲೆ ಸಲೀಸಾಗಿ ಆಡಬೇಕು. ಗಂಟಲನ್ನು ಪಶುವೈದ್ಯರಿಂದ ಎಂಡೋಸ್ಕೋಪಿ ಮಾಡಿಸುವುದು ಬಿಡಬಾರದ ಖರ್ಚು: ಕುದುರೆ ಬಾಯಿಂದ ಉಸಿರಾಡಲಾರದು, ನಾಗಾಲೋಟದಲ್ಲಿ ಹೆಜ್ಜೆಗೊಂದೇ ಉಸಿರು. ಬಣ್ಣ, ಹಣೆಯ ಬಿಳಿ, ಮೈಮೇಲಿನ ಸುಳಿ ಇವನ್ನೆಲ್ಲ ನೋಡುವವರು ಈಗಲೂ ಇದ್ದಾರೆ. ಸುಳಿಗೂ ವೇಗಕ್ಕೂ ಸಂಬಂಧವಿಲ್ಲ. ಹರಾಜಿಗೆಂದು ಮೇಯಿಸಿ ಮಿರುಗಿಸಿದ ಮೈಯೂ ಕಣ್ಣಿಗೆ ಮಣ್ಣೆರಚುತ್ತದೆ. ಕೆಲವೇ ಸೆಕೆಂಡುಗಳ ಓಟದ ಪ್ರದರ್ಶನವೂ ಹಾಗೆಯೇ. 2006ರಲ್ಲಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಮರಿ ಸುಮಾರು 200 ಮೀಟರನ್ನು 9.8 ಸೆಕೆಂಡಿನಲ್ಲಿ ಓಡಿ 1 ಕೋಟಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಓಡಿದ್ದು ಮೂರು ರೇಸ್, ಗೆದ್ದದ್ದು ಸೊನ್ನೆ.

ಪುಟವನ್ನೂ ಕಾಲನ್ನೂ ಬೇರೆ ಬೇರೆ ಅಂಕ ಕೊಟ್ಟು ಕೂಡಿಸುವುದಕ್ಕಿಂತ ಒಂದರ ಬೆಳಕಿನಲ್ಲಿ ಇನ್ನೊಂದನ್ನು ಓದುವುದು ಮೇಲು. ಮರಿಯಲ್ಲಿ ಕಂಡ ದೋಷ ತಂದೆಗೂ ಇತ್ತೇ, ಅಣ್ಣ ಅಕ್ಕಂದಿರಿಗೂ ಇತ್ತೇ, ಇದ್ದೂ ಅವು ಎಷ್ಟು ವರ್ಷ ಓಡಿದವು ಎಂದು ವಿಚಾರಿಸಬೇಕು. ಅಮೆರಿಕದ ತಂದೆ ಕುದುರೆ ಮಿಸ್ಟರ್ ಪ್ರಾಸ್ಪೆಕ್ಟರ್‌ನ ವಂಶದಲ್ಲಿ ಮುಂಗಾಲಿನ ಓರೆ ಸಾಮಾನ್ಯವೆಂಬುದು ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅದರ ವೇಗವೂ ಅಷ್ಟೇ ಪ್ರಸಿದ್ಧ. ಅದೇ ಓರೆ ಬೇಗ ಕುಂಟಿದ ಕುಟುಂಬದ ಮರಿಯಲ್ಲಿ ಕಂಡರೆ ಮುಂದಿನ ಲಾಯಕ್ಕೆ ನಡೆಯುವುದೇ ಜಾಣತನ. ಭಾರತದ ಹರಾಜುಗಳಲ್ಲಿ ವಿದೇಶದಿಂದ ತಂದ ಎಳೆಯ ತಾಯಿಯ ಮೊದಲ ಮರಿಗೆ ವಿಚಾರಿಸಲು ಅಣ್ಣ ಅಕ್ಕಂದಿರೇ ಇರುವುದಿಲ್ಲ. ಅಂಥಲ್ಲಿ ತೂಕ ಮೈಕಟ್ಟಿನ ಕಡೆಗೆ ವಾಲಬೇಕು.

ಉದ್ದೇಶವನ್ನು ನೋಡಿಯೂ ತಕ್ಕಡಿ ಬದಲಾಗುತ್ತದೆ. ಕುಣಿಗಲ್‌ನಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸಾಕಿದ ಕುದುರೆಗಳಿಗೆ ಬೇಕಿದ್ದದ್ದು ಹೊರೆ ಹೊತ್ತು ದಿನವಿಡೀ ನಡೆಯುವ ಮೈ. ಅಲ್ಲೇ ಮುಂದೆ ಥರೋಬ್ರೆಡ್ ಸ್ಟಡ್ ಫಾರ್ಮ್ ಆದಾಗ ತಾಯಿಯ ಚರಿತ್ರೆಗೂ ಬೆಲೆ ಬಂತು. ಹೆಣ್ಣು ಮರಿ ರೇಸಿನಲ್ಲಿ ಸೋತರೂ ಒಳ್ಳೆಯ ಮನೆತನದ್ದಾದರೆ ಸ್ಟಡ್ ಫಾರ್ಮ್ ಅದನ್ನು ಕೊಳ್ಳುತ್ತದೆ. ಆದ್ದರಿಂದ ಅದಕ್ಕೆ ವಂಶದ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಬೀಜ ಒಡೆದ ಗಂಡಿಗೆ ಆ ಆಸರೆಯಿಲ್ಲ, ಅದರ ಗಳಿಕೆಯೆಲ್ಲ ಕಾಲಿನದೇ. ಹೇಳಿಕೊಳ್ಳುವಂಥ ವಂಶವಿಲ್ಲದ, ಮಂಡಿಯೂ ಹಿಂದಕ್ಕೆ ಬಾಗಿದ್ದ ಜಾನ್ ಹೆನ್ರಿ 1976ರಲ್ಲಿ 1,100 ಡಾಲರಿಗೆ ಹೋಗಿತ್ತು. ಬೀಜ ಒಡೆಸಿಕೊಂಡ ಆ ಕುದುರೆ ಒಂಬತ್ತನೇ ವಯಸ್ಸಿನವರೆಗೂ ಓಡಿ 65 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು.