ಕೋಯಿ ಕೊಳದ ಡ್ರಮ್ ಫಿಲ್ಟರ್: ಐದು ದಿನಕ್ಕೊಮ್ಮೆ ನಳ ಬರುವ ಮನೆಗೆ ಯಾವುದು?

ಪ್ರಶ್ನೆ: ನಮ್ಮ ಹಿತ್ತಲಲ್ಲಿ 12 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳದ ಸಿಮೆಂಟಿನ ಕೊಳ ಕಟ್ಟಿಸಿ ವರ್ಷವಾಯಿತು. ಹತ್ತು ಕೋಯಿ ಮೀನುಗಳಿವೆ. ಎರಡು ದಿನಕ್ಕೊಮ್ಮೆ ಸ್ಪಂಜಿನ ಫಿಲ್ಟರ್ ತೊಳೆದು ಸಾಕಾಗಿದೆ. ಡ್ರಮ್ ಫಿಲ್ಟರ್ ಹಾಕಿಸಿದರೆ ತೊಳೆಯುವ ಕೆಲಸವೇ ಇರುವುದಿಲ್ಲ ಅನ್ನುತ್ತಾರೆ. 70,000 ರೂಪಾಯಿಯೊಳಗೆ ಎಲ್ಲ ಆಗಬೇಕು. ನಮ್ಮಲ್ಲಿ ನಳ ಐದು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್ ಇದೆ, ಅದರ ನೀರು ಗಡಸು. ಕೊಳ ಕಟ್ಟಿಸುವಾಗ ತಳದಲ್ಲಿ ಪೈಪು ಬಿಟ್ಟಿಲ್ಲ. ಯಾವುದನ್ನು ತರಬೇಕು, ದಯವಿಟ್ಟು ತಿಳಿಸಿರಿ.
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಳದ ವಿಷಯ ಬರೆದದ್ದು ಒಳ್ಳೆಯದಾಯಿತು. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಕೋಯಿ ಸಾಕುವವರಿಗೆ ಯಾವ ಫಿಲ್ಟರ್ ಹೊಂದುತ್ತದೆ ಎಂಬುದು ಬೆಲೆಗಿಂತ ಮೊದಲು ನಳದಲ್ಲೇ ತೀರ್ಮಾನವಾಗುತ್ತದೆ. 2008ರಲ್ಲಿ ಪ್ರಯೋಗವೆಂದು 24 ತಾಸಿನ ನೀರು ಶುರುವಾದ ವಾರ್ಡುಗಳಲ್ಲಿ ನಿಮ್ಮ ಮನೆ ಇದ್ದಿದ್ದರೆ ಬೇರೆ ಸಲಹೆ ಕೊಡುತ್ತಿದ್ದೆ. ನಿಮಗೆ ನಾನು ಹೇಳುವುದು ಇಷ್ಟು: ಪಂಪಿನಿಂದ ನೀರು ಏರಿಸುವ ಬಗೆಯ ಸಣ್ಣ ಡ್ರಮ್ಮು, 70 ಮೈಕ್ರಾನಿನ ಆಸುಪಾಸಿನ ಜಾಲರಿ, ಕೆಟ್ಟರೆ ಹುಬ್ಬಳ್ಳಿಯಲ್ಲೇ ಸರಿಮಾಡಿಸಿಕೊಳ್ಳಬಹುದಾದ ಮೋಟಾರು ಮತ್ತು ಪಂಪು. ಇದರ ಹಿಂದಿನ ಲೆಕ್ಕ ನಿಮಗೆ ತಿಳಿದಿದ್ದರೆ ಅಂಗಡಿಯವರ ಮಾತಿಗೆ ನೀವೇ ಉತ್ತರ ಕೊಡಬಹುದು.

ಡ್ರಮ್ ಫಿಲ್ಟರ್ ಎಂದರೆ ತಾನೇ ತೊಳೆದುಕೊಳ್ಳುವ, ತಿರುಗುವ ಸಾಣಿಗೆ. ಪೆಟ್ಟಿಗೆಯೊಳಗೆ ಅಡ್ಡಲಾಗಿ ಒಂದು ಉರುಳೆ ಇರುತ್ತದೆ, ಅದರ ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲಿನ ನುಣ್ಣನೆಯ ಜಾಲರಿ. ಕೊಳದ ನೀರು ಉರುಳೆಯ ಒಳಗೆ ಬಂದು ಜಾಲರಿಯ ಮೂಲಕ ಹೊರಗೆ ಸೋಸಿ ಹೋಗುತ್ತದೆ. ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಕಾಳು, ಕೊಳೆತ ಎಲೆಯ ಚೂರು ಒಳಗೇ ಉಳಿಯುತ್ತವೆ. ಜಾಲರಿ ಕಟ್ಟಿಕೊಳ್ಳುತ್ತ ಬಂದಂತೆ ಒಳಗಿನ ಮತ್ತು ಹೊರಗಿನ ನೀರಿನ ಮಟ್ಟದಲ್ಲಿ ಏರುಪೇರಾಗುತ್ತದೆ. ಅದನ್ನು ಗುರುತಿಸುವ ಫ್ಲೋಟ್ ಸ್ವಿಚ್ಚು ಮೋಟಾರಿಗೂ ಸಣ್ಣ ಪ್ರೆಶರ್ ಪಂಪಿಗೂ ಕರೆಂಟು ಕೊಡುತ್ತದೆ. ಉರುಳೆ ನಿಧಾನಕ್ಕೆ ತಿರುಗುತ್ತದೆ, ಮೇಲಿನಿಂದ ನಾಜಲ್‌ಗಳು ಜಾಲರಿಗೆ ನೀರು ಚಿಮ್ಮುತ್ತವೆ, ಕಂದು ನೀರು ಒಳಗಿನ ತಟ್ಟೆಗೆ ಬಿದ್ದು ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಹತ್ತಿಪ್ಪತ್ತು ಸೆಕೆಂಡಿನ ಕೆಲಸ. ನಿಮ್ಮ ಸ್ಪಂಜಿನಲ್ಲಿ ಎರಡು ದಿನ ನೀರಿನಲ್ಲೇ ಕೊಳೆಯುವ ಹೊಲಸು ಇಲ್ಲಿ ತಾಸೊಪ್ಪತ್ತಿನಲ್ಲಿ ಕೊಳದಿಂದ ಆಚೆ ಹೋಗಿರುತ್ತದೆ. ಡ್ರಮ್ಮಿನ ನಿಜವಾದ ಹೆಚ್ಚುಗಾರಿಕೆ ಇದು. ಕೈಕೆಲಸ ಉಳಿಯುವುದು ಆಮೇಲಿನ ಮಾತು.

ಆದರೆ ಪ್ರತಿ ತೊಳೆತಕ್ಕೂ ಕೊಳದ ನೀರೇ ಬೇಕು. ಒಂದು ಸಲಕ್ಕೆ ಹತ್ತು ಲೀಟರ್, ದಿನಕ್ಕೆ ಇಪ್ಪತ್ತು ಸಲ ಎಂದು ಹಿಡಿಯೋಣ. 200 ಲೀಟರ್ ಆಯಿತು. ನಿಮ್ಮ ಕೊಳದಲ್ಲಿರುವುದು ಸುಮಾರು 8,000 ಲೀಟರ್. ಅಂದರೆ ವಾರಕ್ಕೆ ಆರರಲ್ಲಿ ಒಂದು ಪಾಲು ನೀರು ಹೊರಗೆ. ಇದನ್ನು ನಷ್ಟವೆಂದು ನೋಡಬೇಡಿ. ಕೋಯಿ ಕೊಳಕ್ಕೆ ವಾರಕ್ಕೆ ಶೇ. 10ರಿಂದ 20ರಷ್ಟು ನೀರು ಬದಲಿಸುವುದು ಹೇಗೂ ಅಗತ್ಯ, ಆ ಕೆಲಸ ಇಲ್ಲಿ ತಾನಾಗಿ ಆಗುತ್ತದೆ. ತೊಂದರೆ ಇರುವುದು ಮಟ್ಟದಲ್ಲಿ. 12 ಅಡಿ, 6 ಅಡಿಯ ಕೊಳದಲ್ಲಿ 200 ಲೀಟರ್ ಹೋದರೆ ನೀರು ದಿನಕ್ಕೆ ಮೂರು ಸೆಂಟಿಮೀಟರ್ ಇಳಿಯುತ್ತದೆ. ಏಪ್ರಿಲ್ ಬಿಸಿಲಿಗೆ ಆವಿಯಾಗುವುದು ಬೇರೆ. ಐದನೆಯ ದಿನ ನಳ ಬರುವ ಹೊತ್ತಿಗೆ ಗೇಣಿನಷ್ಟು ಇಳಿದಿರುತ್ತದೆ.

ಡ್ರಮ್ಮಿನ ಎರಡು ಬಗೆಗಳ ನಡುವಿನ ವ್ಯತ್ಯಾಸ ಈಗ ತಿಳಿಯುತ್ತದೆ. ಮೊದಲ ಬಗೆಯಲ್ಲಿ ಕೊಳದ ತಳದಿಂದ ನಾಲ್ಕಿಂಚಿನ ಪೈಪು ನೆಲದಡಿ ಬಂದು, ಕೊಳದ ಮಟ್ಟಕ್ಕೇ ಕೂರಿಸಿದ ಪೆಟ್ಟಿಗೆಗೆ ಸೇರುತ್ತದೆ. ನೀರು ತಾನಾಗಿ ಹರಿದು ಬರುತ್ತದೆ, ಪಂಪು ಫಿಲ್ಟರಿನ ಆಚೆ ಇರುತ್ತದೆ. ಹಿಕ್ಕೆ ಒಡೆಯದೆ ಇಡಿಯಾಗಿ ಜಾಲರಿಗೆ ಬರುವುದರಿಂದ ಸೋಸುವಿಕೆ ಚೆನ್ನ. ಅನುಭವಿ ಕೋಯಿ ಸಾಕಣೆಗಾರರು ಇದನ್ನೇ ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ಆದರೆ ಈ ಪೆಟ್ಟಿಗೆಗೆ ಕೊಳದ ಮಟ್ಟ ಕೆಲವೇ ಸೆಂಟಿಮೀಟರ್ ಕೂಡ ಇಳಿಯಬಾರದು. ಇಳಿದರೆ ಜಾಲರಿ ಕಟ್ಟಿಕೊಂಡಿದೆ ಎಂದೇ ಸ್ವಿಚ್ಚು ತಿಳಿದು ತೊಳೆಯಲು ಶುರುಮಾಡುತ್ತದೆ. ತೊಳೆದಷ್ಟೂ ಮಟ್ಟ ಇಳಿಯುತ್ತದೆ, ಇಳಿದಷ್ಟೂ ತೊಳೆಯುತ್ತದೆ. ಮೇಲಿನ ಟಾಕಿಯಿಂದ ಬಾಲ್ ವಾಲ್ವ್ ಹಾಕಿ ಮಟ್ಟ ಕಾಯುವ ವ್ಯವಸ್ಥೆ ಇಲ್ಲದಿದ್ದರೆ ಐದು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ಇದು ಕೈಕೊಡುತ್ತದೆ. ಮೇಲಾಗಿ ಪೆಟ್ಟಿಗೆಗೆ ಕೊಳದ ಪಕ್ಕ ಗುಂಡಿ ತೋಡಬೇಕು. ಹುಬ್ಬಳ್ಳಿಯ ಯರಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಂಥದ್ದು. ಗರಸು ಹಾಕಿ ಬಡಿದು ಕಾಂಕ್ರೀಟ್ ತಳ ಮಾಡದಿದ್ದರೆ ಎರಡೇ ವರ್ಷದಲ್ಲಿ ಪೈಪಿನ ಜೋಡಣೆಗಳು ಎಳೆದುಕೊಂಡು ಸೋರಬಹುದು. ಧಾರವಾಡದ ಕೆಂಪು ನೆಲದಲ್ಲಿ ಈ ಕಾಟ ಕಡಿಮೆ.

ನಿಮ್ಮ ಕೊಳದ ತಳದಲ್ಲಿ ಪೈಪೂ ಇಲ್ಲ. ಕೋರ್ ಕಟಿಂಗ್ ಮಾಡುವವರನ್ನು ಕರೆಸಿ ಗೋಡೆ ಕೊರೆಯಬಹುದು, ಆದರೆ ನಿಮ್ಮ ಹಣದಲ್ಲಿ ದೊಡ್ಡ ಪಾಲು ಗಾರೆ ಕೆಲಸಕ್ಕೇ ಹೋಗುತ್ತದೆ. ಅದಕ್ಕೇ ಎರಡನೆಯ ಬಗೆ ಹೇಳಿದೆ. ಕೊಳದ ತಳದಲ್ಲಿ ಪಂಪು, ಅಲ್ಲಿಂದ ನೆಲದ ಮೇಲಿನ ಪೆಟ್ಟಿಗೆಗೆ ಪೈಪು, ಪೆಟ್ಟಿಗೆಯಿಂದ ಅಗಲವಾದ ಪೈಪಿನಲ್ಲಿ ಕೊಳಕ್ಕೆ ವಾಪಸು. ಕೊಳ ಗೇಣು ಇಳಿದರೂ ಡ್ರಮ್ಮು ತನ್ನ ಪಾಡಿಗೆ ನಡೆಯುತ್ತದೆ. ಪಂಪು ಹಿಕ್ಕೆಯನ್ನು ಪುಡಿಮಾಡುತ್ತದೆ ಎಂಬುದು ಇದರ ಕುಂದು, ಅದು ನಿಜ. ಆದ್ದರಿಂದ ಆರೇಳು ಮಿಲಿಮೀಟರಿನ ಕಸವನ್ನು ನುಂಗಿ ದಾಟಿಸುವ, ಕೊಳಕ್ಕೆಂದೇ ಮಾಡಿದ ಪಂಪು ತನ್ನಿ, ಬಾಯಿಗೆ ಸ್ಪಂಜು ಕಟ್ಟಬೇಡಿ. ತಾಸಿಗೆ 5,000ದಿಂದ 6,000 ಲೀಟರ್ ಸಾಕು. ಪಂಪಿನ ವಾಟ್ ಎಷ್ಟು ಎಂಬುದನ್ನು ಮರೆಯದೆ ನೋಡಿ. 50 ವಾಟಿನದಾದರೆ ತಿಂಗಳಿಗೆ 36 ಯೂನಿಟ್, ಕಡಿಮೆ ಬೆಲೆಗೆ ಸಿಗುವ 150 ವಾಟಿನದಾದರೆ 108 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗೆ ಅಗ್ಗದ ಪಂಪು ಪ್ರತಿ ತಿಂಗಳೂ ಬಿಲ್ಲಾಗಿ ಬರುತ್ತದೆ.

ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಕೆಲವು ತಯಾರಕರು ಮೂರು ಅಂಕಿ ಕೊಡುತ್ತಾರೆ: ಮೀನಿಲ್ಲದ ಕೊಳಕ್ಕೆ ಇಷ್ಟು, ಮೀನಿದ್ದರೆ ಅದರ ಅರ್ಧ, ಕೋಯಿ ಇದ್ದರೆ ಕಾಲು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಮೊದಲನೆಯದು. ನೀವು ಕೊನೆಯದನ್ನೇ ಹಿಡಿಯಬೇಕು, ಅದರ ಮೇಲೂ ಸ್ವಲ್ಪ ಧಾರಾಳ ಇಟ್ಟುಕೊಳ್ಳಬೇಕು. ಕೋಯಿ ಎಂದರೆ ನಮ್ಮ ಮೀನುಗಾರಿಕೆ ಇಲಾಖೆ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆಯ ಬಣ್ಣದ ಬಂಧು. ಜಪಾನಿನ ನೀಗಾತಾ ಸೀಮೆಯ ಬೆಟ್ಟದ ಹಳ್ಳಿಗಳಲ್ಲಿ ಭತ್ತದ ರೈತರು ಆರಿಸಿ ಆರಿಸಿ ಬೆಳೆಸಿದ ಈ ಮೀನು 1914ರ ಟೋಕಿಯೊ ಪ್ರದರ್ಶನದಿಂದ ಹೆಸರಾಯಿತು. ಅಲ್ಲಿ ಹಿಮ ಬೀಳುತ್ತದೆ. ನೀರು ಹತ್ತು ಡಿಗ್ರಿಗಿಂತ ತಣ್ಣಗಾದರೆ ಗೆಂಡೆ ಮೇವು ಬಿಡುತ್ತದೆ, ಫಿಲ್ಟರಿಗೂ ಕೆಲವು ತಿಂಗಳು ಬಿಡುವು. ಹುಬ್ಬಳ್ಳಿಯ ಕೊಳ ಅಷ್ಟು ತಣ್ಣಗಾಗುವುದಿಲ್ಲ. ಇಲ್ಲಿನ ಕೋಯಿ ಡಿಸೆಂಬರಿನಲ್ಲೂ ತಿನ್ನುತ್ತದೆ, ಫಿಲ್ಟರು ಹನ್ನೆರಡು ತಿಂಗಳೂ ದುಡಿಯಬೇಕು. ತಾಸಿಗೆ 10,000 ಲೀಟರಿನ ಡ್ರಮ್ಮು ನಿಮ್ಮ ಕೊಳಕ್ಕೆ ಸರಿಯಾದ ಅಳತೆ. ಒಂದು ಮೀನಿಗೆ ಸಾವಿರ ಲೀಟರ್ ಎಂಬುದು ಹವ್ಯಾಸಿಗಳ ಲೆಕ್ಕ, ಆ ಪ್ರಕಾರ ನಿಮ್ಮಲ್ಲಿ ಈಗಲೇ ಎರಡು ಹೆಚ್ಚಿವೆ. ಇನ್ನು ತರಬೇಡಿ.

ಈಗ ಬೆಲೆ. ಹೆಸರುವಾಸಿ ಆಮದು ಡ್ರಮ್ಮು ನಿಮ್ಮ 70,000ದೊಳಗೆ ಬರುವುದಿಲ್ಲ. 2020ರ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನೀರನ್ನು ಮರುಬಳಸಿ ಮೀನು ಬೆಳೆಸುವ ಆರ್‌ಎಎಸ್ ಘಟಕಗಳಿಗೆ ಸಹಾಯಧನ ಸಿಗತೊಡಗಿತು. ಆ ಘಟಕಗಳಿಗೂ ಡ್ರಮ್ಮು ಬೇಕಾದ್ದರಿಂದ ಈಗ ನಮ್ಮ ದೇಶದಲ್ಲೇ ಮಾಡುವವರಿದ್ದಾರೆ. ಅವರಲ್ಲಿ ಸಣ್ಣ ಅಳತೆಯದನ್ನು ಕೇಳಿ. ಇನ್ನೊಂದು ದಾರಿ ಮಾಡಿಸಿಕೊಳ್ಳುವುದು, ಅದಕ್ಕೆ ಹುಬ್ಬಳ್ಳಿಗಿಂತ ಒಳ್ಳೆಯ ಊರು ಈ ಭಾಗದಲ್ಲಿಲ್ಲ. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಪೆಟ್ಟಿಗೆ ಕಟ್ಟುವ, ಶಾಫ್ಟು ತಿರುಗಿಸುವ ಕೈಗಳಿವೆ. ಜಾಲರಿಯನ್ನು ಮಾತ್ರ ಹೊರಗಿನಿಂದ ತರಿಸಿ: 316 ದರ್ಜೆಯ ಸ್ಟೀಲು, ಇಂಚಿಗೆ 200 ಕಣ್ಣಿನದು, ಅದು 74 ಮೈಕ್ರಾನಿಗೆ ಸಮ. ಇದಕ್ಕಿಂತ ನುಣ್ಣನೆಯದಕ್ಕೆ ಆಸೆ ಪಡಬೇಡಿ. ಬೇಗ ಕಟ್ಟಿಕೊಂಡು ಮತ್ತೆ ಮತ್ತೆ ತೊಳೆಯುತ್ತದೆ, ನಿಮಗೆ ಇಲ್ಲದ್ದೇ ನೀರು. ತಿರುಗಿಸಲು 12 ವೋಲ್ಟಿನ ಗೇರ್ ಮೋಟಾರು ಸಾಕು. ತೊಳೆಯಲು ಬ್ಯಾಟರಿ ಸ್ಪ್ರೇಯರಿನಲ್ಲಿರುವ, ನಮ್ಮ ರೈತರು ಬೆಳೆಗೆ ಎಣ್ಣೆ ಹೊಡೆಯಲು ಬಳಸುವ ಡಯಾಫ್ರಮ್ ಪಂಪು ನಡೆಯುತ್ತದೆ. ಆದರೆ ಹೊಚ್ಚ ಹೊಸದೇ ಆಗಬೇಕು, ನಾಜಲ್ಲೂ ಹೊಸದೇ. ಒಮ್ಮೆ ಕೀಟನಾಶಕ ಹೋದ ಪಂಪನ್ನು ಎಷ್ಟೇ ತೊಳೆದರೂ ಕೊಳದ ಹತ್ತಿರ ತರಬೇಡಿ. ಮೀನಿಗೆ ಅದರ ಲೇಶವೂ ವಿಷ.

ಹಳೆಯ ಡ್ರಮ್ಮು ಸಿಕ್ಕರೆ ಜಾಲರಿಯನ್ನು ಬಿಸಿಲಿಗೆ ಹಿಡಿದು ನೋಡಿ. ಸಾಸಿವೆಯಷ್ಟು ತೂತಿದ್ದರೂ ಹೊಲಸು ಅಲ್ಲಿಂದ ದಾಟುತ್ತದೆ. ಉರುಳೆಯ ಬಾಯಿಯ ರಬ್ಬರ್ ಸೀಲನ್ನು ಬೆರಳಿನಿಂದ ಸವರಿ ನೋಡಿ, ಗಟ್ಟಿಯಾಗಿ ಬಿರಿದಿದ್ದರೆ ಹೊಸದು ಹಾಕಬೇಕು.

ಯಾವ ಡ್ರಮ್ಮೇ ತಂದರೂ ಮಾರುವವರನ್ನು ಒಂದು ಪ್ರಶ್ನೆ ಕೇಳಿ: ತೊಳೆಯುವ ಮೋಟಾರು ಕೆಟ್ಟ ರಾತ್ರಿ ನೀರು ಎಲ್ಲಿಗೆ ಹೋಗುತ್ತದೆ? ಜಾಲರಿ ಮುಚ್ಚಿಹೋದಾಗ ಪಂಪು ಮಾತ್ರ ನೀರು ಏರಿಸುತ್ತಲೇ ಇರುತ್ತದೆ. ಮೇಲೊಂದು ಬೈಪಾಸ್ ಕಿಂಡಿ ಇದ್ದರೆ ಸೋಸದ ನೀರು ಕೊಳಕ್ಕೇ ಮರಳುತ್ತದೆ, ಮೀನು ಉಳಿಯುತ್ತವೆ. ಇಲ್ಲದಿದ್ದರೆ ಬೆಳಗಾಗುವುದರೊಳಗೆ ಕೊಳ ಹಿತ್ತಲಿಗೆ ಹರಿದಿರುತ್ತದೆ. ಬೈಪಾಸ್ ಇಲ್ಲದ ಪೆಟ್ಟಿಗೆಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ವಿದ್ಯುತ್ತಿನ ಸಾಲಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು. ನೀರಿನಲ್ಲಿ ಕೈ ಇಡುವವರು ನೀವು, ನಿಮ್ಮ ಮನೆಯ ಮಕ್ಕಳು.

ಎಲ್ಲ ಹಣವನ್ನೂ ಡ್ರಮ್ಮಿಗೇ ಸುರಿಯದೆ ಒಂದು ಪಾಲು ತೆಗೆದಿಡಿ ಎನ್ನಲು ಕಾರಣವಿದೆ. ಡ್ರಮ್ಮು ಕಣ್ಣಿಗೆ ಕಾಣುವ ಹೊಲಸನ್ನಷ್ಟೇ ತೆಗೆಯುತ್ತದೆ. ನೂರು ಗ್ರಾಂ ಮೇವಿನಿಂದ ಹುಟ್ಟುವ ಮೂರು-ನಾಲ್ಕು ಗ್ರಾಂ ಅಮೋನಿಯಾ ಜಾಲರಿಯನ್ನು ಸಲೀಸಾಗಿ ದಾಟುತ್ತದೆ, ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಅದನ್ನು ಕರಗಿಸುವವು ಬ್ಯಾಕ್ಟೀರಿಯಾಗಳು. ಡ್ರಮ್ಮಿನ ನಂತರ 200 ಲೀಟರಿನ ನೀಲಿ ಬ್ಯಾರೆಲ್ಲಿನಲ್ಲಿ 50 ಲೀಟರಿನಷ್ಟು ಪ್ಲಾಸ್ಟಿಕ್ ಬಯೋ ಮೀಡಿಯಾ ತುಂಬಿ, ಏರ್ ಪಂಪಿನಿಂದ ಸದಾ ಕುದಿಯುವಂತೆ ಇಡಿ. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಹಳೆಯ ಸ್ಪಂಜನ್ನು ತೆಗೆಯದೆ ಎರಡನ್ನೂ ಜೊತೆಗೇ ನಡೆಸಿ, ಮೇವು ಕಡಿಮೆ ಮಾಡಿ. ಏರ್ ಪಂಪನ್ನು ಮನೆಯ ಇನ್ವರ್ಟರಿಗೆ ಸೇರಿಸಿ. ಕರೆಂಟು ಹೋದಾಗ ಡ್ರಮ್ಮು ನಿಂತರೆ ಚಿಂತೆಯಿಲ್ಲ, ಗಾಳಿ ನಿಲ್ಲಬಾರದು.

ಹಸಿರು ನೀರಿಗೂ ಡ್ರಮ್ಮು ಮದ್ದಲ್ಲ. ಆ ಪಾಚಿಯ ಕಣ ಜಾಲರಿಯ ಕಣ್ಣಿಗಿಂತ ಎಷ್ಟೋ ಸಣ್ಣದು, ಅದಕ್ಕೆ ಯುವಿ ದೀಪ ಮತ್ತು ನೆರಳು ಬೇಕು. ಮಳೆಗೆ ಹಿತ್ತಲಿನ ಯರಿ ಮಣ್ಣು ಹರಿದು ಬಂದರೆ ಅದೂ ಸೋಸಿ ಹೋಗುವುದಿಲ್ಲ. ಕೊಳದ ಕಟ್ಟೆಯನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ.

ಕೊಳ ತುಂಬುವ ನೀರು ಯಾವುದು ಎಂಬುದೂ ಮುಖ್ಯ. ಮಲಪ್ರಭೆಯಿಂದ ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಬರುವ ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೂ ಬಯೋ ಮೀಡಿಯಾಕ್ಕೂ ಕೇಡು. ಸಂಪಿನಲ್ಲಿ ಗಾಳಿ ಹಾಯಿಸಿ ಒಂದೆರಡು ದಿನ ಬಿಟ್ಟು ಬಳಸಿ. ತುರ್ತಿದ್ದರೆ ಸಾವಿರ ಲೀಟರಿಗೆ ಏಳೆಂಟು ಗ್ರಾಂ ಸೋಡಿಯಂ ಥಯೋಸಲ್ಫೇಟ್ ಕರಗಿಸಿ ಹಾಕಿದರೆ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂವರೆಗಿನ ಕ್ಲೋರಿನ್ ಅಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ನಿಮ್ಮದು ಗಡಸು. ನಾಜಲ್ಲಿನ ಬಾಯಲ್ಲಿ ಸುಣ್ಣ ಕಟ್ಟುತ್ತದೆ. ಕಟ್ಟಿದ್ದು ಹೇಗೆ ಗೊತ್ತಾಗುತ್ತದೆಂದರೆ, ತೊಳೆದ ಮೇಲೂ ಆ ನಾಜಲ್ಲಿನ ನೇರಕ್ಕೆ ಜಾಲರಿಯ ಮೇಲೆ ಒಂದು ಕಂದು ಪಟ್ಟಿ ಸುತ್ತಲೂ ಉಳಿದಿರುತ್ತದೆ. ಅದು ಕಂಡ ದಿನವೇ ನಾಜಲ್ ಬಿಚ್ಚಿ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಹಾಕಿ ತೊಳೆದು ಹಾಕಿ. ತೊಳೆಯುವ ಕೆಲಸವೇ ಇರುವುದಿಲ್ಲ ಎಂದು ನಿಮಗೆ ಹೇಳಿದವರು ಇದನ್ನು ಬಿಟ್ಟು ಹೇಳಿದ್ದಾರೆ.

ಡ್ರಮ್ಮಿನಿಂದ ದಿನವೂ ಹೊರಬರುವ ಆ 200 ಲೀಟರ್ ಕಂದು ನೀರನ್ನು ಗಟಾರಕ್ಕೆ ಬಿಡಬೇಡಿ. ಸಾರಜನಕ ತುಂಬಿದ ನೀರು ಅದು, ಪೇರಲ ಗಿಡಕ್ಕೂ ತೆಂಗಿಗೂ ಒಳ್ಳೆಯ ಗೊಬ್ಬರ. ಮೀನಿಗೆ ಕಾಯಿಲೆಯಾಗಿ ಕೊಳಕ್ಕೆ ಉಪ್ಪು ಹಾಕಿದ ದಿನಗಳಲ್ಲಿ ಮಾತ್ರ ಆ ನೀರು ಗಿಡದ ಬುಡಕ್ಕೆ ಹೋಗದಂತೆ ಪೈಪಿನ ದಿಕ್ಕು ಬದಲಿಸಲು ಒಂದು ವಾಲ್ವ್ ಇಡಿಸಿ.