ಮದ್ದಿನ ಕೊಂಬಿಗೆ ಪಟ್ಟಿ: ಕೈ ಕಲಿಸಿದ ಪಾಠಗಳು

ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ ನನಗೆ ಹತ್ತಿದ ಗೀಳು ಮದ್ದಿನ ಕೊಂಬು. ದನದ ಕೊಂಬಿನ ಬುಡಕ್ಕೆ ಮರದ ಬಿರಡೆ ಕೂರಿಸಿ, ತುದಿಗೆ ತೂತು ಕೊರೆದು, ಕೋವಿಗೆ ಬೇಕಾದ ಕರಿಮದ್ದು ತುಂಬಿ, ಪಟ್ಟಿ ಕಟ್ಟಿ ಹೆಗಲಿಗೆ ನೇತುಹಾಕಿಕೊಳ್ಳುವ ವಸ್ತು. 1754ರಿಂದ 1763ರವರೆಗೆ ಇಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ನಡೆದಾಗ ಸೈನಿಕರ ಕೊಂಬುಗಳ ಮೇಲೆ ಹೆಸರು, ಕೋಟೆ, ಹಡ್ಸನ್ ನದಿಯ ನಕ್ಷೆ ಎಲ್ಲ ಕೆತ್ತಲಾಗಿತ್ತು. ಆ ಕೆತ್ತನೆ ಇವತ್ತಿಗೂ ಮ್ಯೂಸಿಯಂಗಳಲ್ಲಿದೆ. ಮೂಲ ಪಟ್ಟಿ ಉಳಿದಿರುವ ಕೊಂಬು ಮಾತ್ರ ಅಪರೂಪ. ಹೊಸಬರೂ ಕೆತ್ತನೆಗೆ ತಿಂಗಳು ಕೊಟ್ಟು ಪಟ್ಟಿಗೆ ಅರ್ಧ ಗಂಟೆ ಕೊಡುತ್ತಾರೆ. ನಾನೂ ಹಾಗೇ ಮಾಡಿದೆ.

1. ಪಟ್ಟಿಯ ಯೋಚನೆ ಮೊದಲು, ಕೊಂಬು ಕೊರೆಯುವುದು ಆಮೇಲೆ. ಎಡಗೊಂಬಿನ ತಿರುವು ಬೇರೆ, ಬಲಗೊಂಬಿನ ತಿರುವು ಬೇರೆ. ಹಸಿ ಕೊಂಬಿನ ಎರಡೂ ತುದಿಗೆ ಸೆಣಬಿನ ದಾರ ಕಟ್ಟಿ ಎರಡೂ ಪಕ್ಕೆಗೆ ನೇತುಹಾಕಿ ನೋಡಿ. ಒಂದು ಕಡೆ ಅದು ಮೈಗೆ ಒರಗಿ ಕೂರುತ್ತದೆ, ಇನ್ನೊಂದು ಕಡೆ ತುದಿ ಹೊರಗೆ ಚಾಚಿ ಗಿಡಗಂಟಿಗೆಲ್ಲ ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡಿದ ಮೇಲೇ ಪಟ್ಟಿ ಕಟ್ಟುವ ಜಾಗ ಗುರುತು ಮಾಡಿ.

2. ಬುಡದ ಹಿಡಿತ ಮರದ ಎಳೆಯನ್ನು ನಂಬಿರುತ್ತದೆ. ನನ್ನ ಮೊದಲ ಕೊಂಬಿಗೆ ಪೈನ್ ಮರದ ಬಿರಡೆ, ಅದರ ನಡುವೆ ಒಂದು ಕಬ್ಬಿಣದ ಕೊಂಡಿ. ಕಾಲು ಗಿಡ್ಡ, ಅದನ್ನು ಹೊಡೆದದ್ದು ಎಳೆಗಳ ಕೊಯ್ದ ತುದಿಗೆ. ಮೂರನೇ ಸಲ ಹೊರಗೆ ಹೋದಾಗ ತೊರೆ ದಾಟುತ್ತಿದ್ದೆ. ಕೊಂಡಿ ಸದ್ದಿಲ್ಲದೆ ಕಿತ್ತು ಬಂತು, ಕೊಂಬು ಬಂಡೆಗೆ ಬಿತ್ತು. ಬುಡದ ಅಂಚು ಎಲ್ಲಕ್ಕಿಂತ ತೆಳು; ಉಗುರು ಸೀಳಿದ ಹಾಗೆ ಎರಡಂಗುಲ ಸೀಳಿತು. ಆರು ವಾರದ ಕೆಲಸ.

ಈಗ ಬಿರಡೆಗೆ ಮೇಪಲ್ ಅಥವಾ ಆಕ್ರೋಟ್ ಮರ ಬಳಸುತ್ತೇನೆ. ಬಿರಡೆಯಲ್ಲೇ ಒಂದು ಗುಬಟು ಕಡೆದು, ಅದರ ಕತ್ತಿಗೆ ಸೀಳು ಮಾಡಿದ ಚರ್ಮದ ಬಾರು ಸಿಕ್ಕಿಸುತ್ತೇನೆ. ಬಾರಿನ ಸೀಳು ಎಲ್ಲಿ ಮುಗಿಯುತ್ತದೋ ಅಲ್ಲೊಂದು ದುಂಡು ತೂತು ಮಾಡದಿದ್ದರೆ ಸೀಳು ಮುಂದಕ್ಕೆ ಹರಿಯುತ್ತದೆ. ಗುಬಟು ಆ ಸೀಳಿನಲ್ಲಿ ಹೆಣಗಾಡಿಯೇ ತೂರಬೇಕು. ಸುಲಭವಾಗಿ ಹೋಯಿತೆಂದರೆ ಅಷ್ಟೇ ಸುಲಭವಾಗಿ ಹೊರಗೂ ಬರುತ್ತದೆ.

ಕೊಂಡಿಯೇ ಬೇಕೆನ್ನುವವರು ಬಿರಡೆ ಕೂರಿಸುವ ಮೊದಲೇ ಅದರ ಕಾಲುಗಳನ್ನು ಆಚೆ ದಾಟಿಸಿ, ಒಳಗಡೆ ಮಡಚಿ, ತೂತಿಗೆ ಜೇನುಮೇಣ ತುಂಬಲಿ.

3. ಪಟ್ಟಿಗೆಂದು ತುದಿಯಲ್ಲಿ ಬೇರೆ ತೂತು ಬೇಡ, ಕಚ್ಚು ಸಾಕು. ಮೂತಿಯ ಹಿಂದೆ ಒಂದು ಉಬ್ಬು ಬಳೆ ಬಿಟ್ಟು, ಅದರ ಹಿಂದೆ ಅರದಿಂದ ಕಚ್ಚು ತೆಗೆದರೆ ಬಾರಿನ ಕುಣಿಕೆ ಅಲ್ಲೇ ನಿಲ್ಲುತ್ತದೆ. ಅರ ಹಿಡಿಯುವ ಮೊದಲು ತಂತಿ ತೂರಿಸಿ ಒಳಗಿನ ಟೊಳ್ಳು ಎಲ್ಲಿಯವರೆಗೆ ಬಂದಿದೆ ಎಂದು ಅಳೆಯಿರಿ. ಹೊರಗಿನಿಂದ ಗಟ್ಟಿ ಕಂಡ ತುದಿಯೊಂದು ನನ್ನ ಅರಕ್ಕೆ ಸಿಕ್ಕಿ ಕಿಟಕಿಯಾಗಿದೆ.

4. ಕುಣಿಕೆ ತಿರುಗಲಿ, ಜಾರದಿರಲಿ. ಮದ್ದು ಸುರಿಯುವಾಗ ಕೊಂಬನ್ನು ತಿರುಗಿಸಲೇಬೇಕು. ಬಿಗಿದು ಹೊಲಿದರೆ ಬಾರು ಹುರಿಗೊಳ್ಳುತ್ತದೆ.

5. ಹದ ಮಾಡಿದ ಚರ್ಮ ಕಬ್ಬಿಣಕ್ಕೆ ತಾಗಿ ನೆನೆದರೆ ಕಪ್ಪಗಾಗುತ್ತದೆ. ಮರದ ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ಹೇಳುತ್ತಿರುವ ಮಾತಿದು. ಹೊಲಿಗೆಗೆ ಮೇಣ ಉಜ್ಜಿದ ಅಗಸೆನಾರಿನ ದಾರ, ಎರಡು ಸೂಜಿ: ಒಂದು ಹೊಲಿಗೆ ಹರಿದರೂ ಉಳಿದವು ಹಿಡಿದಿರುತ್ತವೆ. ಉಣ್ಣೆಯ ನೇಯ್ದ ಪಟ್ಟಿ ನೋಡಲು ಬಲು ಚೆಂದ, ಆದರೆ ಹಿಗ್ಗುತ್ತದೆ. ಎರಡು ದಿನ ಭಾರ ಕಟ್ಟಿ ನೇತುಹಾಕಿ, ಆಮೇಲೆ ಅಳತೆ ತೆಗೆಯಿರಿ.

6. ಅಳತೆ ತೆಗೆಯುವಾಗ ಕೋಟು ಹಾಕಿಕೊಂಡಿರಿ. ಇಲ್ಲಿ ಚಕಮಕಿ ಕೋವಿಯವರಿಗೆ ಜಿಂಕೆ ಬೇಟೆಯ ಹಂಗಾಮು ಬರುವುದು ಕ್ರಿಸ್‌ಮಸ್ ಕಳೆದ ಮೇಲೆ, ಕೊರೆಯುವ ಚಳಿಯಲ್ಲಿ. ಬರೀ ಅಂಗಿಯ ಮೇಲೆ ಅಳೆದ ಪಟ್ಟಿ ಆಗ ಕೊಂಬನ್ನು ಕಂಕುಳಿಗೆ ಎಳೆಯುತ್ತದೆ. ಮೊಣಕೈಯಿಂದ ಸ್ವಲ್ಪ ಕೆಳಗೆ, ಮೂತಿ ಬುಡಕ್ಕಿಂತ ಮೇಲೆ ಇರುವಂತೆ ಕಟ್ಟಿ.

7. ಮದ್ದು ಅಳೆಯುವ ಕುಪ್ಪಿಯನ್ನೂ ಅದೇ ಪಟ್ಟಿಗೆ ಕಟ್ಟಿ. ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ನಳಿಗೆಯೊಳಗೆ ಒಂದು ಕಿಡಿ ಉಳಿದಿದ್ದರೂ ಕೈಯಲ್ಲಿರುವ ಕೊಂಬು ಪೂರ್ತಿ ಸಿಡಿಯುತ್ತದೆ. ಕುಪ್ಪಿ ಕೈಗೆ ಸಿಗುವಷ್ಟು ಹತ್ತಿರ ತೂಗುತ್ತಿದ್ದರೆ ಅವಸರದಲ್ಲೂ ಅದಕ್ಕೇ ಸುರಿಯುತ್ತೀರಿ.

ಹಳೆಯ ಕೊಂಬಿಗೆ ಪಟ್ಟಿ ಬದಲಿಸುವವರಲ್ಲಿ ಒಂದು ವಿನಂತಿ: ಮದ್ದೆಲ್ಲ ಹೊರತೆಗೆದು, ಒಳಗೆ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲಷ್ಟೇ ಬೈರಿಗೆ, ಸುತ್ತಿಗೆ ಮುಟ್ಟಿ.