ಕೊಟ್ಟಿಗೆಯಿಂದ ಹೊರಗೆ ಬಂದ ಕರುಗಳು (ಮಲಾಕಿಯ 4:2)

ಸತ್ಯವೇದ ತೆರೆಯಿರಿ. ಮೊಬೈಲಲ್ಲಿ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ. ಮಲಾಕಿಯ 4:2. ನೀತಿಸೂರ್ಯನು ಉದಯಿಸುವಾಗ ದೇವರ ನಾಮಕ್ಕೆ ಭಯಪಡುವವರು ಯಾವುದರ ಹಾಗೆ ಇರ್ತಾರೆ? ಸಿಂಹದ ಹಾಗೆ ಅಲ್ಲ, ಹದ್ದಿನ ಹಾಗೆ ಅಲ್ಲ. ಕೊಟ್ಟಿಗೆಯ ಕರುಗಳ ಹಾಗೆ!

ಪಿಜಿಯಲ್ಲಿ ಇರೋ ನಿಮಗೆ ಈ ಚಿತ್ರ ಸಿಗೋದು ಕಷ್ಟ. ನಾನು ನೋಡಿದ್ದೇನೆ. ನಮ್ಮಮ್ಮನ ತವರು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿ. ಆ ಕಡೆ ಅಡಿಕೆ ತೋಟ ಹೆಚ್ಚಾಗಿ, ದನ ಬಿಡೋ ಜಾಗ ಕಡಿಮೆ ಆಗಿದೆ. ಚಳ್ಳಕೆರೆ ಕಡೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆಯೂ ಡಿಆರ್‌ಡಿಒ, ಐಐಎಸ್ಸಿ, ಇಸ್ರೋಗಳಿಗೆ ಹೋಯಿತು. ನಿಮ್ಮಲ್ಲೇ ಕೆಲವರು ನಾಳೆ ಆ ಬೇಲಿಯೊಳಗೆ ಕೆಲಸಕ್ಕೆ ಸೇರಬಹುದು, ಇರಲಿ.

ಮಾವನ ಮನೇಲಿ ಎರಡು ಎಚ್.ಎಫ್. ಕಡಸು ಇದ್ದವು. ಇನ್ನೂ ಗಬ್ಬ ಆಗಿರಲಿಲ್ಲ. ಕಟ್ಟಿದ ಕಡೆಗೇ ಹುಲ್ಲು, ಹಿಂಡಿ, ನೀರು. ಮುಂಗಾರು ಮಳೆ ಬಿದ್ದು ಬೀಳು ಹೊಲದಲ್ಲಿ ಗರಿಕೆ ಚಿಗುರಿದ ಮೇಲೆ, ಒಂದು ಬೆಳಿಗ್ಗೆ ಮಾವ ಅವನ್ನ ಹೊಲಕ್ಕೆ ಹಿಡ್ಕೊಂಡು ಹೋಗಿ ಹಗ್ಗ ಬಿಚ್ಚಿದರು. ಎರಡೂ ಕದಲಲಿಲ್ಲ. ಕೊಟ್ಟಿಗೆಯಲ್ಲಿ ಹಗ್ಗ ಎಷ್ಟು ಉದ್ದ ಇತ್ತೋ ಅಷ್ಟೇ ದೂರ ಹೆಜ್ಜೆ ಇಟ್ಟು ನಿಂತವು.

"ಯಾಕ್ ಮಾವ, ಹೋಗ್ತಿಲ್ಲ?" ಅಂದೆ.

"ಬಿಚ್ಚಿದ್ದು ಕುತ್ತಿಗೆಗೆ ಗೊತ್ತಾಗೈತೆ, ಕಾಲಿಗೆ ಇನ್ನೂ ಗೊತ್ತಾಗಿಲ್ಲ ಕಣಪ್ಪ" ಅಂದ್ರು.

ಸ್ವಲ್ಪ ಹೊತ್ತಾದ ಮೇಲೆ ಒಂದು ಕಡಸು ತಲೆ ಬಗ್ಗಿಸಿ ಹುಲ್ಲು ಮೂಸಿತು. ಅಷ್ಟೇ! ಬಾಲ ಎತ್ತಿಕೊಂಡು, ಹಿಂಗಾಲು ಝಾಡಿಸುತ್ತಾ ಹೊಲದ ಆ ತುದಿಗೆ ಓಡಿತು. ಇನ್ನೊಂದು ಅದರ ಹಿಂದೆ. ಅಷ್ಟು ದೊಡ್ಡ ಪ್ರಾಣಿ ಮೇಕೆಮರಿ ಥರ ನೆಗೀತಿತ್ತು. ಅವಕ್ಕೆ ಹಸಿವಾಗಿತ್ತು ಅಂದ್ಕೋಬೇಡಿ, ಗೋದಲಿಯಲ್ಲಿ ಮೇವು ಇನ್ನೂ ಉಳಿದಿತ್ತು. ಸ್ವೀಡನ್ ದೇಶದಲ್ಲಿ ಬೇಸಿಗೆಯಲ್ಲಿ ಹಾಲಿನ ಹಸುಗಳನ್ನ ಹುಲ್ಲುಗಾವಲಿಗೆ ಬಿಡಲೇಬೇಕು ಅಂತ ಕಾನೂನೇ ಇದೆ. ಚಳಿಗಾಲ ಮುಗಿದು ಬಿಡುವ ದಿನ ಅವು ಕುಣಿಯೋದನ್ನ ನೋಡೋಕೆ ಊರೂರಿಂದ ಜನ ಬರ್ತಾರೆ.

ಈಗ ವಾಕ್ಯಕ್ಕೆ ಬನ್ನಿ. ಇಲ್ಲಿರುವ ಇಬ್ರಿಯ ಪದ 'ಮರ್ಬೇಕ್', ಅಂದರೆ ಕರುವನ್ನು ಕಟ್ಟಿ ಕೊಬ್ಬಿಸುವ ಜಾಗ. ಹಳೇ ಒಡಂಬಡಿಕೆಯಲ್ಲಿ ಈ ಪದ ನಾಲ್ಕೇ ಸಲ ಬರುತ್ತೆ. 1 ಸಮುವೇಲ 28:24ರಲ್ಲಿ ಏಂದೋರಿನ ಹೆಂಗಸು ಅಂಥ ಕರುವನ್ನ ಸೌಲನಿಗಾಗಿ ಅದೇ ರಾತ್ರಿ ಕೊಯ್ದಳು. ಆಮೋಸ 6:4ರಲ್ಲಿ ದಂತದ ಮಂಚದ ಮೇಲೆ ಮಲಗೋರು ಅಂಥ ಕರುಗಳನ್ನ ತಿಂತಾರೆ. ಯೆರೆಮೀಯ 46:21ರಲ್ಲಿ ಐಗುಪ್ತದ ಕೂಲಿ ಸೈನಿಕರು ಅಂಥ ಕರುಗಳು. ದಿನ ಬಂದಾಗ ಓಡಿಹೋಗ್ತಾರೆ. ಆ ಕೊಟ್ಟಿಗೆಯ ಕರು ಸಂತೋಷವಾಗಿ ಹೊರಗೆ ಬರೋದು ಮಲಾಕಿಯನಲ್ಲಿ ಮಾತ್ರ. ಹಲ್ಲೆಲೂಯಾ!

ಪ್ರಿಯರೇ, ಸಂಬಳ ಪಾಪ ಅಂತ ನಾನು ಹೇಳ್ತಿಲ್ಲ. ಆದರೆ ಊಟ, ಕ್ಯಾಬ್, ಬೋನಸ್ ಎಲ್ಲಾ ಕೊಟ್ಟು ನಿಮ್ಮನ್ನ ಚೆನ್ನಾಗಿ ಮೇಯಿಸ್ತಾ ಇರುವ ಜಾಗ ಯಾರಿಗೋಸ್ಕರ ಮೇಯಿಸ್ತಿದೆ ಅಂತ ಒಮ್ಮೆ ಕೇಳಿಕೊಳ್ಳಿ.

ಈ ವಾಗ್ದಾನ ಬಂದದ್ದು ಯಾರಿಗೆ? 3:14 ನೋಡಿ. ದೇವರ ಸೇವೆ ಮಾಡಿ ನಮಗೇನು ಲಾಭ ಅಂತ ಜನ ಗೊಣಗುತ್ತಿದ್ದ ಕಾಲ. ನಿಮ್ಮ ವಾಟ್ಸಾಪ್‌ನಲ್ಲಿ ನನಗೆ ಬರೋದೂ ಅದೇ ಮಾತು: "ಪಾಸ್ಟರ್, ನಾನು ಉಪವಾಸ ಮಾಡಿದೆ, ಸುಳ್ಳು ಹೇಳಿದವನಿಗೆ ಪ್ರಮೋಷನ್ ಆಯ್ತು." ದೇವರು ಈ ಅಧ್ಯಾಯದಲ್ಲಿ ಪ್ರಮೋಷನ್ ಮಾತೇ ಎತ್ತೋದಿಲ್ಲ. ಮೊದಲು ಸ್ವಸ್ಥತೆ, ಆಮೇಲೆ ಹೊರಗೆ ಬರೋದು, ಆಮೇಲೆ ಕುಣಿತ. ಅಪೊಸ್ತಲರ ಕೃತ್ಯಗಳು 3ರಲ್ಲಿ ಹುಟ್ಟುಕುಂಟನಿಗೂ ಇದೇ ಕ್ರಮ: ಮೊದಲು ಪಾದಗಳಿಗೆ ಬಲ ಬಂತು, ಆಮೇಲೆ ಜಿಗಿದ.

ಇನ್ನೊಂದು ವಿಷಯ. ಹಗ್ಗ ಬಿಚ್ಚಿದ ಮೇಲೆ ಮಾವ ಮನೆಗೆ ಹೋಗಲಿಲ್ಲ, ಬದುವಿನ ಮೇಲೆ ಕೂತರು. ಒಣಮೇವಿನ ದನ ಒಮ್ಮೆಲೇ ಹಸಿ ಮೇದರೆ ಹೊಟ್ಟೆ ಉಬ್ಬರಿಸುತ್ತೆ. ಪಕ್ಕದ ಹೊಲದ ಜೋಳದ ಎಳೆ ಚಿಗುರು ತಿಂದರೆ ಪ್ರಾಣವೇ ಹೋಗಬಹುದು. ಮೊದಲ ದಿನ ಎರಡೇ ಗಂಟೆ ಬಿಟ್ಟು ಹೊಡ್ಕೊಂಡು ಬಂದರು. ಯೋಹಾನ 10:9ರಲ್ಲಿ ಒಳಗೆ ಹೋಗೋದೂ ಇದೆ, ಹೊರಗೆ ಬರೋದೂ ಇದೆ, ಮೇವೂ ಇದೆ. ಆ ಬಾಗಿಲು ಯೇಸುವೇ.

ಮುಂದಿನ ವಾರಕ್ಕೆ ಮಲಾಕಿಯ 3:16ರ ಜ್ಞಾಪಕದ ಪುಸ್ತಕದ ಭಾಗ ಓದಿಕೊಂಡು ಬನ್ನಿ. ಹಗ್ಗ ಬಿಚ್ಚಿದರೂ ಅಲ್ಲೇ ನಿಂತಿದ್ದೇನೆ ಅನ್ನೋರು ಮುಂದೆ ಬನ್ನಿ, ನಿಮ್ಮೊಂದಿಗೆ ಪ್ರಾರ್ಥನೆ ಮಾಡ್ತೇನೆ.